ಇಗರ್ಜಿಗೆ ಹೊಸಬರು ಬಂದಾಗ: ಕಾರವಾರದಲ್ಲಿ ನಾವು ಮಾಡಿ ನೋಡಿದ್ದು

"ನಾಳೆ ವರ್ಗ ಆಗಿ ಹೋಗುವವರಿಗೆ ಇಷ್ಟೆಲ್ಲ ಯಾಕೆ?" ನಮ್ಮ ಇಗರ್ಜಿಯ (ಚರ್ಚಿನ) ಆಡಳಿತ ನೋಡುವ ಪಾಲನಾ ಪರಿಷತ್ತಿನಲ್ಲಿ ಹೀಗೆ ಕೇಳಿದವರು ಒಬ್ಬಿಬ್ಬರಲ್ಲ. ಈಗ ಅವರೇ "ನಮ್ಮ ಮನೆ ಪಾಳಿ ಯಾವಾಗ?" ಎಂದು ಕೇಳುತ್ತಾರೆ. ಅದಕ್ಕೇ ಬರೆಯೋಣ ಅನ್ನಿಸಿತು. ಬೇರೆ ಇಗರ್ಜಿಗಳಲ್ಲಿ ಹೊಸಬರನ್ನು ಬರಮಾಡಿಕೊಳ್ಳುವ ಕೆಲಸ ಹೊತ್ತವರಿಗೆ ಉಪಯೋಗ ಆದೀತು.

ಇಲ್ಲಿಯ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಒಂದು ಕಡೆ ಕದಂಬ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣುವಿದ್ಯುತ್ ಸ್ಥಾವರ. ಕೇರಳ, ತಮಿಳುನಾಡು, ಜಾರ್ಖಂಡ್, ಎಲ್ಲ ಕಡೆಯ ಕುಟುಂಬಗಳು ಬರುತ್ತವೆ, ಎರಡು ಮೂರು ವರ್ಷಕ್ಕೆ ಹೋಗುತ್ತವೆ. ನಮ್ಮ ಪೂಜೆ ಕೊಂಕಣಿಯಲ್ಲಿ. ಅವರು ಹಿಂದಿನ ಬೆಂಚಿನಲ್ಲಿ ಕೂತು, ಕೊನೆಯ ಹಾಡು ಮುಗಿಯುವ ಮೊದಲೇ ಗೇಟು ದಾಟಿಬಿಡುತ್ತಿದ್ದರು.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಬಾಗಿಲಲ್ಲಿ ಮೇಜು, ಗುಲಾಬಿ, ಸ್ವಾಗತ ಬ್ಯಾನರ್, ಬಣ್ಣದ ಕರಪತ್ರ. ಐದಾರು ಸಾವಿರ ಕೈಬಿಟ್ಟಿತು. ಪೂಜೆಯ ಕೊನೆಗೆ ಹೊಸಬರನ್ನು ಎದ್ದು ನಿಲ್ಲಿಸಿ ಹೆಸರು ಕೇಳಿ ಚಪ್ಪಾಳೆ ತಟ್ಟಿದೆವು. ಹಾಗೆ ಎದ್ದು ನಿಂತವರಲ್ಲಿ ಹೆಚ್ಚಿನವರು ಮುಂದಿನ ಭಾನುವಾರ ಕಾಣಲಿಲ್ಲ. ನೂರಾರು ಮುಖಗಳು ಒಮ್ಮೆಲೇ ತಿರುಗಿ ನೋಡಿದರೆ ಯಾರಿಗೆ ಹಿತ?

ಆಮೇಲೆ ಚಹಾ. ವಾರಕ್ಕೆ ಐನೂರು ಆರುನೂರು ರೂಪಾಯಿ ಬಿಸ್ಕಿಟಿಗೇ ಹೋಗುತ್ತಿತ್ತು. ನಮ್ಮವರು ನಮ್ಮವರ ಜೊತೆಗೇ ಗುಂಪು ಕಟ್ಟಿ ಮೀನಿನ ರೇಟು, ಮದುವೆ ಸುದ್ದಿ ಮಾತಾಡುತ್ತಿದ್ದರು. ಹೊಸಬರು ಕಪ್ಪು ಹಿಡಿದು ಗೋಡೆ ಪಕ್ಕ. ಚಹಾ ಇಲ್ಲದ ದಿನಕ್ಕಿಂತ ಜಾಸ್ತಿ ಒಂಟಿ.

ಅಲ್ಲಿಗೆ ಈ ಸ್ವಾಗತ ಸಮಿತಿಯ ಕೆಲಸ ನಿಲ್ಲಿಸಿ, ವಾರಕ್ಕೆ ಒಂದು ಮನೆಗೆ ಪಾಳಿ ಹಚ್ಚಿದೆ. ಆ ಮನೆಯವರು ಹಿಂದಿನಿಂದ ಮೂರನೇ ಬೆಂಚಿನಲ್ಲಿ ಕೂರಬೇಕು. ಕೊನೆಯ ಎರಡು ಬೆಂಚು ಹೊಸಬರಿಗೆ ಖಾಲಿ. ಪೂಜೆ ಮುಗಿದ ಮೇಲೆ ಹತ್ತು ನಿಮಿಷ ಪರಿಚಯದವರ ಜೊತೆ ಮಾತಿಲ್ಲ, ತಿರುಗಿ ಹಿಂದಿನವರ ಹತ್ತಿರ ಹೋಗಬೇಕು. ಮತ್ತೆ, ಅವತ್ತಿನ ಮಧ್ಯಾಹ್ನದ ಊಟಕ್ಕೆ ಎರಡು ಮುಷ್ಟಿ ಅಕ್ಕಿ ಜಾಸ್ತಿ ಹಾಕಿಟ್ಟೇ ಮನೆಯಿಂದ ಹೊರಡಬೇಕು. ಇಷ್ಟೇ. ಇಗರ್ಜಿಗೆ ಖರ್ಚು ಸೊನ್ನೆ.

"ಯಾರು ಬಂದಾರು ಅಪರಿಚಿತರ ಮನೆಗೆ ಉಣ್ಣಲಿಕ್ಕೆ?" ಎಂದರು. ಬರುತ್ತಾರೆ! ಕರೆಯುವ ರೀತಿಯಲ್ಲಿದೆ. ಬನ್ನಿ ಎಂದು ಮೊದಲೇ ಹೇಳಿದರೆ ಬರುವುದಿಲ್ಲ, ಅದಕ್ಕೆ ಮುಂಚೆ ಒಂದು ಮಾತಿದೆ. ಅದನ್ನು ನಮ್ಮ ಪಾಳಿಯವರಿಗೆ ಮಾತ್ರ ಕಲಿಸಿದ್ದೇನೆ. ಕೇಳಬಾರದ ಪ್ರಶ್ನೆಗಳನ್ನು ಮಾತ್ರ ಹೇಳುತ್ತೇನೆ: ಸಂಬಳ, ಜಾತಿ, ಮಕ್ಕಳು ಯಾಕಿಲ್ಲ.

ಈ ಕೆಲಸದಲ್ಲಿ ಎಲ್ಲರಿಗಿಂತ ಮುಂದೆ ಹೋದವರು ನೌಕಾನೆಲೆಯ ಸೀಬರ್ಡ್ ಯೋಜನೆಗೆ ಊರು ಬಿಟ್ಟು ಎದ್ದು ಬಂದ ಮನೆಗಳವರು. ಅವರಲ್ಲಿ ಒಬ್ಬ ಅಜ್ಜಿಗೆ ಹಿಂದಿ ಬರುವುದಿಲ್ಲ. ಒಂದು ಭಾನುವಾರ ಜಾರ್ಖಂಡಿನ ಹುಡುಗಿ ಅಳುವ ಕೂಸನ್ನು ಎತ್ತಿಕೊಂಡು ಹೊರಗೆ ಹೊರಟಳು. ಅಜ್ಜಿ ಅವಳ ಸೆರಗು ಹಿಡಿದು ಕೂರಿಸಿ, ಕೂಸನ್ನು ತನ್ನ ಹೆಗಲಿಗೆ ಹಾಕಿಕೊಂಡು, ಕೈಯಲ್ಲಿದ್ದ ಜಪಮಾಲೆಯನ್ನು ಅದಕ್ಕೆ ಆಡಲಿಕ್ಕೆ ಕೊಟ್ಟರು. ಬಾಯಿಬಿಟ್ಟು ಒಂದು ಮಾತಿಲ್ಲ. ಆ ಕುಟುಂಬ ವರ್ಗ ಆಗುವವರೆಗೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಈಗಲೂ ಅಜ್ಜಿಗೆ ಫೋನ್ ಬರುತ್ತದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಪೂಜೆಯ ಕ್ರಮ ಹೆಚ್ಚುಕಡಿಮೆ ಎಲ್ಲ ಭಾಷೆಯಲ್ಲೂ ಒಂದೇ, ಫಾದರ್ ಹೇಳಿದ್ದಕ್ಕೆ ಉತ್ತರ ಕೊಡುವುದಷ್ಟೇ ತೊಡಕು. ಹಾಗಾಗಿ ಕೊಂಕಣಿ ಉತ್ತರಗಳನ್ನೂ ಹಾಡುಗಳನ್ನೂ ದೇವನಾಗರಿಯಲ್ಲಿ, ರೋಮನ್ ಅಕ್ಷರದಲ್ಲಿ ಹಾಕಿಸಿದೆ. ಝೆರಾಕ್ಸ್ ಪ್ರತಿಗಳು ಮಳೆಗಾಲದ ತೇವಕ್ಕೆ ಒಂದೇ ತಿಂಗಳಲ್ಲಿ ಮುದ್ದೆ. ಲ್ಯಾಮಿನೇಶನ್ ಮಾಡಿಸಿದ ಮೇಲೆ ಉಳಿದವು, ಐವತ್ತು ಹಾಳೆಗೆ ಸಾವಿರದ ಮೇಲೆ ಬಿತ್ತು. ಮಲಯಾಳಿಗಳು ಈಗ ನಮ್ಮವರಿಗಿಂತ ಜೋರಾಗಿ ಹಾಡುತ್ತಾರೆ.

ಪರಮಪ್ರಸಾದದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ) ವಿಷಯ ಸೂಕ್ಷ್ಮ, ಅದು ಸಾಮಾನ್ಯವಾಗಿ ನಮ್ಮ ಸಭೆಯವರಿಗೆ ಮಾತ್ರ. ಬೇರೆ ಕ್ರೈಸ್ತ ಸಭೆಯವರು, ಬೇರೆ ಧರ್ಮದ ಗೆಳೆಯರು ಬಂದಿರುತ್ತಾರೆ. ಸಾಲಿನಲ್ಲಿ ತಡೆದರೆ ಅವಮಾನ. ಪೂಜೆಗೆ ಮೊದಲೇ ಪಾಳಿಯವರು ಮೆಲ್ಲಗೆ ಹೇಳುತ್ತಾರೆ, "ನೀವೂ ಬನ್ನಿ, ಎದೆಯ ಮೇಲೆ ಕೈ ಕಟ್ಟಿಕೊಳ್ಳಿ, ಫಾದರ್ ಆಶೀರ್ವಾದ ಕೊಡುತ್ತಾರೆ." ಇದಕ್ಕೆ ನಮ್ಮ ಫಾದರ್ ಒಪ್ಪಿಗೆ ಮೊದಲೇ ತಗೊಂಡಿದ್ದೆ, ನೀವೂ ತಗೊಳ್ಳಿ.

ಪಾಳಿಗೆ ಮುಂಚೆ ಎರಡನೇ ಸಲ ಬರುತ್ತಿದ್ದವರು ಹತ್ತರಲ್ಲಿ ಇಬ್ಬರು. ಈಗ ಆರೇಳು ಮಂದಿ. ಲೆಕ್ಕದ ಪುಸ್ತಕ ಇಟ್ಟಿಲ್ಲ, ನೆನಪಿನಿಂದ ಹೇಳುತ್ತಿದ್ದೇನೆ. ಬೈಬಲಿನ ಮತ್ತಾಯ 25ರಲ್ಲಿ ಪರದೇಶಿಯನ್ನು ಸೇರಿಸಿಕೊಂಡ ಮಾತಿದೆಯಲ್ಲ, ಅದನ್ನು ಓದುವಾಗ ನನಗೀಗ ಹಿಂದಿನ ಬೆಂಚಿನವರ ಮುಖಗಳೇ ಕಾಣುತ್ತವೆ.

ಇನ್ನೂ ಕೈಗೆ ಸಿಗದವರು ಬೈತಖೋಲ್ ಬಂದರಿನ ಬೋಟುಗಳಲ್ಲಿ ದುಡಿಯುವ ಹೊರರಾಜ್ಯದ ಹುಡುಗರು. ಬೆಳಗಿನ ಪೂಜೆ ಹೊತ್ತಿಗೆ ಅವರು ಸಮುದ್ರದಲ್ಲಿರುತ್ತಾರೆ. ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲಿ ಊರಿಗೆ ಹೋಗುತ್ತಾರೆ. ಆಗಸ್ಟಿನಲ್ಲಿ ಬೋಟುಗಳು ಮತ್ತೆ ನೀರಿಗೆ ಇಳಿದ ಮೇಲೆ ಸಂಜೆ ಹಿಂದಿ ಪೂಜೆ ಇಡುವ ಮಾತು ನಡೆದಿದೆ. ಊಟಕ್ಕೆ ನಾಲ್ಕು ಮನೆ ಈಗಾಗಲೇ ಒಪ್ಪಿವೆ.