ಇಲಿ ಮೆದುಳಿಗೆ ಇಮ್ಯೂನ್ ಮಾರ್ಕರ್ ಆರಿಸುವುದು ಹೇಗೆ?

ಇಮ್ಯೂನ್ ಮಾರ್ಕರ್ ಎಂದರೆ ರೋಗನಿರೋಧಕ ಕೋಶವನ್ನು ಗುರುತಿಸಲು ನೆರವಾಗುವ ಪ್ರೋಟೀನ್; ಅದಕ್ಕೆ ಅಂಟುವ ಆಂಟಿಬಾಡಿ ಹಾಕಿ ಬಣ್ಣ ಬರಿಸುತ್ತಾರೆ. ಮೆದುಳಿನ ತೆಳು ಹೋಳಿಗೆ (ಸೆಕ್ಷನ್) ಐಬಾ-1 ಎಂಬ ಮಾರ್ಕರ್ ಹಾಕಿ, ಬಣ್ಣ ಜಾಸ್ತಿ ಕಂಡರೆ ಸಾಕು, ‘ಉರಿಯೂತ’ ಎಂದು ಬರೆದುಬಿಡುವವರು ಬೇಕಾದಷ್ಟಿದ್ದಾರೆ. ಆದರೆ ಐಬಾ-1 ಮೆದುಳಿನದೇ ರೋಗನಿರೋಧಕ ಕೋಶವಾದ ಮೈಕ್ರೋಗ್ಲಿಯಾವನ್ನೂ ತೋರಿಸುತ್ತದೆ, ರಕ್ತದಿಂದ ಬಂದ, ಕಸ ನುಂಗುವ ಮ್ಯಾಕ್ರೋಫೇಜ್ ಕೋಶವನ್ನೂ ತೋರಿಸುತ್ತದೆ. ಕೆರಳದೆ ಸುಮ್ನೆ ಇರುವ ಮೈಕ್ರೋಗ್ಲಿಯಾದಲ್ಲೂ ಅದು ಇರುತ್ತದೆ.

1. ಮೊದಲು ಪ್ರಶ್ನೆ ಬರೆದಿಡಿ

ಮೈಕ್ರೋಗ್ಲಿಯಾದ ಎಣಿಕೆ, ಆಕಾರ ಅಷ್ಟೇ ಬೇಕಿದ್ದರೆ ಐಬಾ-1 ಸಾಕು. ಕೋಶ ಮೆದುಳಿನದೋ, ಹೊರಗಿನದೋ ತಿಳಿಯಬೇಕಿದ್ದರೆ ಜೊತೆಗೆ ಮುಖ್ಯವಾಗಿ ಮೈಕ್ರೋಗ್ಲಿಯಾದಲ್ಲೇ ಕಾಣುವ ಟಿಎಂಇಎಂ119 ಅಥವಾ ಪಿ2ಆರ್‌ವೈ12 ಹಾಕಿ. ಗಾಯದ ಸುತ್ತ ಕೆರಳಿದ ಮೈಕ್ರೋಗ್ಲಿಯಾದಲ್ಲಿ ಪಿ2ಆರ್‌ವೈ12 ಇಳಿದುಹೋಗುತ್ತದೆ. ಅದು ಕಾಣಲಿಲ್ಲ ಎಂದಮಾತ್ರಕ್ಕೆ ಹೊರಗಿನ ಕೋಶ ಎನ್ನಬೇಡಿ. ಕೋಶ ಕಸ ನುಂಗುತ್ತಿದೆಯೇ ಎಂದು ನೋಡಲು ಸಿಡಿ68, ರಕ್ತನಾಳದ ಪಕ್ಕದ ಮ್ಯಾಕ್ರೋಫೇಜ್‌ಗೆ ಸಿಡಿ206, ಟಿ ಕೋಶಕ್ಕೆ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಸಿಡಿ3. ಬಿಳಿ ರಕ್ತಕಣಗಳ ಮಾರ್ಕರ್ ಆದ ಸಿಡಿ45 ಕಡಿಮೆಯೋ ಹೆಚ್ಚೋ ಎಂದು ವಿಂಗಡಿಸುವುದು ಫ್ಲೋ ಸೈಟೊಮೆಟ್ರಿಯ (ಬಿಡಿ ಕೋಶಗಳನ್ನು ಲೇಸರ್ ಮುಂದೆ ಹರಿಸಿ ಅಳೆಯುವ ವಿಧಾನ) ಆಟ. ಸೆಕ್ಷನ್ ಮೇಲೆ ಕಣ್ಣಳತೆಯಲ್ಲಿ ಅದು ನಡೆಯುವುದಿಲ್ಲ.

2. ಆಂಟಿಬಾಡಿ ಹೊಂದಿಸಿ

ಎಡವುವುದೆಲ್ಲ ಇಲ್ಲೇ. ಮೌಸ್‌ಗೆ (ಚಿಕ್ಕ ಇಲಿ) ಬಳಸುವ ಎಷ್ಟೋ ಆಂಟಿಬಾಡಿಗಳನ್ನು ದೊಡ್ಡ ಇಲಿ, ಅಂದರೆ ರ‍್ಯಾಟ್‌ನಲ್ಲಿ ತಯಾರಿಸಿರುತ್ತಾರೆ. ಅವನ್ನು ರ‍್ಯಾಟ್ ಮೆದುಳಿನ ಮೇಲೆ ಹಾಕಿ, ಆಂಟಿ-ರ‍್ಯಾಟ್ ಸೆಕೆಂಡರಿ (ಮೊದಲ ಆಂಟಿಬಾಡಿಗೆ ಅಂಟಿ ಹೊಳೆಯುವ ಎರಡನೇ ಆಂಟಿಬಾಡಿ) ಬಿಟ್ಟರೆ ಏನಾಗುತ್ತದೆ? ಅದು ಆ ಪ್ರಾಣಿಯ ಸ್ವಂತ ಆಂಟಿಬಾಡಿಗೇ ಅಂಟಿಕೊಳ್ಳುತ್ತದೆ, ರಕ್ತನಾಳಗಳೆಲ್ಲ ಹೊಳೆಯುತ್ತವೆ. ರ‍್ಯಾಟ್‌ಗೆ ಬೇರೆಯೇ ಆಂಟಿಬಾಡಿಗಳು, ಅಂದರೆ ಕ್ಲೋನ್‌ಗಳಿವೆ: ಸಿಡಿ11ಬಿ/ಸಿಗೆ ಒಎಕ್ಸ್-42, ಸಿಡಿ68ಕ್ಕೆ ಇಡಿ1, ಸಿಡಿ163ಕ್ಕೆ ಇಡಿ2. ಮೌಸ್‌ನ ಬಿಳಿ ರಕ್ತಕಣಗಳಲ್ಲಿ ಒಂದಾದ ನ್ಯೂಟ್ರೋಫಿಲ್‌ಗೆ ಎಲ್‌ವೈ6ಜಿ ಹಿಡಿಯುವ 1ಎ8 ಕ್ಲೋನನ್ನೇ ಕೊಳ್ಳಿ. ಜಿಆರ್-1 ಹೆಸರಿನದು ಬೇಡ, ಅದು ಎಲ್‌ವೈ6ಸಿಯನ್ನೂ ಹಿಡಿದು ಬೇರೆ ಬಿಳಿ ರಕ್ತಕಣಗಳಾದ ಮಾನೊಸೈಟ್‌ಗಳನ್ನೂ ಸೇರಿಸಿಬಿಡುತ್ತದೆ.

ಐಬಾ-1, ಟಿಎಂಇಎಂ119 ಎರಡರ ಆಂಟಿಬಾಡಿಯೂ ಮೊಲದಲ್ಲಿ ತಯಾರಾದವಾದರೆ ಸೆಕೆಂಡರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಐಬಾ-1 ಮೇಕೆಯದನ್ನು ಕೊಳ್ಳಿ. ಆಗ ಸೆಕೆಂಡರಿಗಳೆಲ್ಲ ಕತ್ತೆಯಲ್ಲಿ ತಯಾರಾದವೇ ಆಗಿರಬೇಕು. ಆಂಟಿಬಾಡಿ ಬೇಡದ ಕಡೆ ಅಂಟದಂತೆ ಬ್ಲಾಕ್ ಮಾಡಲು ಅಭ್ಯಾಸಬಲದಿಂದ ಮೇಕೆ ಸೀರಮ್ ಸುರಿದಿರೋ, ಸೆಕೆಂಡರಿ ಅದಕ್ಕೂ ಅಂಟಿಕೊಂಡು ಇಡೀ ಸೆಕ್ಷನ್ ಹೊಳೆಯುತ್ತದೆ. ಕತ್ತೆ ಸೀರಮ್ ಬಳಸಿ.

ಇನ್ನು ಫಿಕ್ಸೇಶನ್, ಅಂದರೆ ಅಂಗಾಂಶ ಕೆಡದಂತೆ ರಾಸಾಯನಿಕದಲ್ಲಿ ಗಟ್ಟಿಗೊಳಿಸುವುದು. ಡೇಟಾಶೀಟಿನಲ್ಲಿ ಫ್ಲೋ ಎಂದಷ್ಟೇ ಬರೆದಿದ್ದರೆ, ಎಷ್ಟೇ ಅಗ್ಗವಿರಲಿ, ಕೈಬಿಡಿ. ಟಿ ಕೋಶಗಳ ಮಾರ್ಕರ್ ಆದ ಸಿಡಿ4ರ ಜಿಕೆ1.5, ಸಿಡಿ8ರ 53-6.7 ಕ್ಲೋನ್‌ಗಳು ಫ್ಲೋದಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಮೇಣದಲ್ಲಿ ಹುದುಗಿಸಿ ಕತ್ತರಿಸಿದ ಪ್ಯಾರಾಫಿನ್ ಸೆಕ್ಷನ್ ಮೇಲೆ ಅವನ್ನು ನಂಬಬೇಡಿ. ಮೆದುಳಿಗೆ ಶೇ 4ರ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಒಂದು ರಾತ್ರಿ ಸಾಕು. ವಾರಗಟ್ಟಲೆ ಅದರಲ್ಲೇ ಬಿಟ್ಟು ಆಮೇಲೆ ಆಂಟಿಬಾಡಿಯನ್ನು ಬೈದರೆ ಹೇಗೆ? ಪಿಎಚ್ 6ರ ಸಿಟ್ರೇಟ್ ಬಫರ್‌ನಲ್ಲಿ ಬಿಸಿ ಮಾಡಿದರೆ ಕೆಲವು ಮಾರ್ಕರ್ ಮತ್ತೆ ಕಾಣುತ್ತವೆ, ಎಲ್ಲವೂ ಅಲ್ಲ.

3. ಪರ್ಫ್ಯೂಶನ್

ರಕ್ತನಾಳಗಳಲ್ಲಿ ದ್ರವ ಹರಿಸುವಾಗ (ಪರ್ಫ್ಯೂಶನ್) ರಕ್ತ ಪೂರ್ತಿ ತೊಳೆದುಹೋಗಲಿ. ನಾಳದಲ್ಲಿ ಉಳಿದ ಬಿಳಿ ರಕ್ತಕಣವನ್ನು ಮೆದುಳಿಗೆ ನುಗ್ಗಿದ ಕೋಶ ಎಂದು ಎಣಿಸಿಬಿಡುವ ಅಪಾಯವಿದೆ.

4. ಕಂಟ್ರೋಲ್

ಆರೋಗ್ಯವಂತ ಮೆದುಳಿನಲ್ಲಿ ಟಿ ಕೋಶ ತೀರಾ ಕಡಿಮೆ. ಹಾಗಾಗಿ ಸಿಡಿ3 ಕಾಣದಿದ್ದರೆ ಕೋಶ ಇಲ್ಲವೋ, ಆಂಟಿಬಾಡಿ ಕೈಕೊಟ್ಟಿತೋ ಗೊತ್ತಾಗುವುದಿಲ್ಲ. ಟಿ ಕೋಶ ಬೇಕಾದಷ್ಟಿರುವ, ಅದೇ ಪ್ರಾಣಿಯ ಗುಲ್ಮದ ಒಂದು ಸೆಕ್ಷನನ್ನೂ ಜೊತೆಗೇ ಸ್ಟೇನ್ ಮಾಡಿ. ಸೆಕೆಂಡರಿ ಮಾತ್ರ ಹಾಕಿದ್ದು ಒಂದು ಇರಲಿ. ಪ್ರಾಣಿಗೆ ವಯಸ್ಸಾಗಿದ್ದರೆ ಏನೂ ಹಾಕದ ಸೆಕ್ಷನ್ ಕೂಡ ಬೇಕು. ವಯಸ್ಸಾದಂತೆ ಕೋಶದಲ್ಲಿ ಸೇರುವ ಲಿಪೊಫಸಿನ್ ಎಂಬ ವರ್ಣದ್ರವ್ಯ ತನ್ನಷ್ಟಕ್ಕೆ ಹೊಳೆಯುತ್ತದೆ, ಅದನ್ನು ಸಿಡಿ68ರ ಚುಕ್ಕೆ ಎಂದುಕೊಳ್ಳುವುದು ಬಹಳ ಸುಲಭ.