ಧರ್ಮ ಬಿಡದೆ ಮದುವೆ: ನೋಟಿಸ್ ಕೊಡುವ ಮುನ್ನ

ಕಾರವಾರದ ಕ್ರೈಸ್ತ ಹುಡುಗಿ, ಶಿರಸಿಯ ಹಿಂದೂ ಹುಡುಗ ತಂತಮ್ಮ ಧರ್ಮದಲ್ಲೇ ಇದ್ದು ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆ ಇದೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಮದುವೆಯಾಗುತ್ತೇವೆ ಎಂದು ಮುಂಚಿತವಾಗಿ ಲಿಖಿತ ನೋಟಿಸ್ ಕೊಡಬೇಕು; ಅದನ್ನು ಕೊಡುವ ಜಿಲ್ಲೆಯಲ್ಲಿ ಒಬ್ಬರಾದರೂ ಹಿಂದಿನ 30 ದಿನ ವಾಸವಿರಬೇಕು.

ನೋಟಿಸ್ ಕೊಡಲು ಉಪನೋಂದಣಾಧಿಕಾರಿ ಕಚೇರಿಗೆ ಹೋಗುವ ಮೊದಲು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ಹೆಸರು ಹೋಲಿಸಿ. ಆಧಾರ್‌ನಲ್ಲಿ ‘ನಾಯ್ಕ’, ಅಂಕಪಟ್ಟಿಯಲ್ಲಿ ‘ನಾಯಕ’ ಎಂದಿದ್ದರೆ ಮೊದಲು ಸರಿಮಾಡಿಸಿ.

ನೋಟಿಸನ್ನು ಕಚೇರಿಯಲ್ಲಿ ಎದ್ದು ಕಾಣುವಂತೆ ಅಂಟಿಸುತ್ತಾರೆ. ಬೆಂಗಳೂರಿನಲ್ಲಿ ಕೊಟ್ಟರೂ ಖಾಯಂ ವಾಸ ಉತ್ತರ ಕನ್ನಡದ್ದಾದರೆ ಪ್ರತಿ ಇಲ್ಲಿಗೂ ಬರುತ್ತದೆ, ಇಲ್ಲೂ ಅಂಟಿಸುತ್ತಾರೆ. ಮನೆಗೆ ಸುದ್ದಿ ಮುಟ್ಟುವುದು ಹೀಗೆಯೇ. ಬೆದರಿಕೆಯ ಭಯವಿದ್ದರೆ ಮೊದಲೇ ವಕೀಲರನ್ನು ಕಾಣಿ. 30 ದಿನದೊಳಗೆ ಯಾರು ಬೇಕಾದರೂ ತಕರಾರು ಹಾಕಬಹುದು. ಆದರೆ ವಯಸ್ಸು, ಬದುಕಿರುವ ಇನ್ನೊಬ್ಬ ಸಂಗಾತಿ, ಮಾನಸಿಕ ಅಸಮರ್ಥತೆ, ನಿಷಿದ್ಧ ಸಂಬಂಧ (ಮದುವೆಯಾಗಬಾರದಷ್ಟು ಹತ್ತಿರದ ನೆಂಟಸ್ತಿಕೆ), ಇಷ್ಟೇ ಆಧಾರ. ಅಪ್ಪ-ಅಮ್ಮನಿಗೆ ಮನಸ್ಸಿಲ್ಲ ಎಂಬುದು ತಕರಾರೇ ಅಲ್ಲ. ಅಧಿಕಾರಿ ತಕರಾರು ಎತ್ತಿಹಿಡಿದರೆ 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿ.

ನೋಟಿಸ್ ಕೊಟ್ಟ 3 ತಿಂಗಳೊಳಗೆ ಮದುವೆಯಾಗದಿದ್ದರೆ ಹೊಸ ನೋಟಿಸ್ ಬೇಕು; ಮಳೆಗಾಲ ಕಳೆಯಲಿ ಎಂದು ಮುಂದೂಡಬೇಡಿ. ಮದುವೆಯ ದಿನ 3 ಸಾಕ್ಷಿಗಳು ಇರಬೇಕು.

ಒಟ್ಟು ಕುಟುಂಬದ ಅಡಿಕೆ ತೋಟವಿದ್ದವರು ಇದನ್ನು ತಿಳಿದಿರಲಿ: ಅನ್ಯಧರ್ಮದವರನ್ನು ಈ ಕಾಯ್ದೆಯಡಿ ಮದುವೆಯಾದ ಹಿಂದೂ, ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ. ಪಾಲು ಮಾತ್ರ ಹೋಗುವುದಿಲ್ಲ.