ಒಂದ ಚಿತ್ರದಾಗ ಪೀಟರ್ ಮೂರ ಸಲ ಯಾಕ ಅದಾನ? ಹಳೇ ಚರ್ಚ್ ಚಿತ್ರ ಓದೂದು ಹೆಂಗ

ಪಟ್ಟದಕಲ್ಲ ವಿರೂಪಾಕ್ಷ ಗುಡಿ ಕಂಬದಾಗ ರಾಮಾಯಣ ಕೆತ್ತ್ಯಾರಲ್ರೀ, ಅಲ್ಲೆ ಗೈಡ್ ಇರಲಿಲ್ಲಂದ್ರೂ ನಡೀತೈತಿ, ರಾವಣಗ ಹಕ್ಕಿ ಅಡ್ಡ ಬಂದಿದ್ದ ಕಂಡ್ರ ಜಟಾಯು ಅಂತ ಸಾಲಿ ಹುಡುಗ್ರೂ ಹೇಳ್ತಾರ. ಇಟಲಿ ಚರ್ಚಿನ ಚಿತ್ರ ಮುಂದ ಬಂದ್ರ ಮಾತ್ರ ಭಾಳ ಚಂದ ಐತಿ ಅಂದು ಸ್ಕ್ರೋಲ್ ಮಾಡಿಬಿಡ್ತೀವಿ, ಯಾಕಂದ್ರ ಕತಿ ಗೊತ್ತಿರೂದಿಲ್ಲ. ಹಂಗಾಗಿ ಮೊದಲ ಕತಿ ಹುಡುಕ್ರಿ, ಬಣ್ಣ ಗಿಣ್ಣ ಆಮ್ಯಾಲ.

ಇಟಲಿ ಚಿತ್ರಕಾರ ಮಸಾಚೋನ 'ಟ್ರಿಬ್ಯೂಟ್ ಮನಿ' (ತೆರಿಗಿ ರೊಕ್ಕ) ಗೂಗಲ್‌ನ್ಯಾಗ ತೆರೀರಿ, ಆದ್ರ ದೊಡ್ಡ ಸ್ಕ್ರೀನ್‌ನ್ಯಾಗ, ಯಾಕಂದ್ರ ಇದು ಹತ್ತಹತ್ರ 6 ಮೀಟರ್ ಅಗಲದ ಗೋಡಿ ಚಿತ್ರ, ಫ್ಲಾರೆನ್ಸ್‌ನ ಬ್ರಾಂಕಾಚಿ ಚಾಪೆಲ್‌ನ್ಯಾಗ (ಚರ್ಚಿನೊಳಗಿನ ಸಣ್ಣ ಪ್ರಾರ್ಥನಾ ಕೋಣಿ) ಐತಿ, 1425ರ ಆಜೂಬಾಜೂದ್ದು. ಕತಿ ಬೈಬಲ್‌ದಾಗ ಮತ್ತಾಯನ 17ನೇ ಅಧ್ಯಾಯದ್ದು. ದೇವಾಲಯದ ತೆರಿಗಿ ಕೇಳಾಕ ಬರ್ತಾರ, ಯೇಸು ತನ್ನ ಶಿಷ್ಯ ಪೀಟರ್‌ಗ ನೀರಿಗೆ ಗಾಳ ಹಾಕು, ಮೊದಲ ಸಿಕ್ಕ ಮೀನಿನ ಬಾಯಾಗ ನಾಣ್ಯ ಇರ್ತೈತಿ, ಅದನ್ನ ಕೊಡು ಅಂತಾನ.

ಈ ಕತಿಯ ಮೂರು ಗಳಿಗಿ ಒಂದ ಚಿತ್ರದಾಗ ಬರದಾನ, ಅದಕ್ಕ ಪೀಟರ್ ಮೂರ ಸಲ ಬರ್ತಾನ. ಈಗ ನೋಡ್ರಿ, ಎಡದಿಂದ ಬಲಕ್ಕ ಓದಿದ್ರ ಕತಿ ಕೆಟ್ಟ ಹೋಗ್ತೈತಿ, ಇದು ಚಾಲೂ ಆಗೂದ ನಟ್ಟನಡುವ. ನಮಗ ಬೆನ್ನ ತೋರಿಸಿ ನಿಂತಾನಲ್ಲ, ಗಿಡ್ಡ ಅಂಗಿ, ಬರೇ ಕಾಲು, ತಲಿಗೆ ಪ್ರಭಾವಳಿ ಇಲ್ಲ, ಅಂವನ ವಸೂಲಿಯಂವ. ಯೇಸು ಎಡಕ್ಕ ಕೈ ಮಾಡ್ತಾನ, ಬಾಜೂದ ಪೀಟರ್‌ನೂ ಅತ್ತಾಗ ಕೈ ಮಾಡ್ಯಾನ, ಮಾರಿ ನೋಡಿದ್ರ ನಾನ ಹೋಗ್ಬೇಕೇನು ಅನ್ನೂ ಹಂಗೈತಿ. ಆ ಕೈ ಹಿಡಕೊಂಡು ಹೋದ್ರ ನೀರಿನ ದಂಡ್ಯಾಗ ಅದ ಪೀಟರ್ ಕುಕ್ಕರಗಾಲಿಲೆ ಕುಂತು ಮೀನಿನ ಬಾಯಿ ತಗ್ಯಾಕತ್ತಾನ. ಭಾಳ ಮಂದಿ ಇಲ್ಲೇ ಗುರ್ತ ತಪ್ತಾರ, ಹಳದಿ ಶಾಲು ಬಿಚ್ಚಿಟ್ಟಾನಲ್ಲ, ನರೆತ ಗಡ್ಡ ಮತ್ತ ನೀಲಿ ಅಂಗಿ ಮ್ಯಾಲ ಹಿಡೀಬೇಕು. ಅಲ್ಲಿಂದ ಒಮ್ಮಿಗೇ ಬಲತುದಿಗೆ ಜಿಗೀರಿ, ಶಾಲು ಮತ್ತ ಹೊತ್ಕೊಂಡಾನ, ವಸೂಲಿಯಂವನ ಕೈಯಾಗ ರೊಕ್ಕ ಇಡಾಕತ್ತಾನ. ಇನ್ನೊಂದು, ಬಲಕಿನ ಕಟ್ಟಡದ ಗೆರಿಗೊಳಿಗೆ ಸ್ಕೇಲ್ ಹಚ್ಚಿ ಎಳೀರಿ, ಎಲ್ಲಾ ಹೋಗಿ ಯೇಸುವಿನ ತಲೀ ಹತ್ರ ಕೂಡ್ತಾವ. ಕತಿ ನಡಿಸಾಂವ ಯಾರು ಅಂತ ಬ್ಯಾರೆ ಹೇಳಬೇಕಾಗಿಲ್ಲ.

ಯಾವ ಗುರ್ತು ಯಾವ ಸಂತಂದು ಅಂತ ಹೇಳೂ ಚಿಹ್ನೆ ಪಟ್ಟಿ ಉಪಯೋಗ ಇಲ್ಲ ಅನ್ನೂದಿಲ್ಲ. ಕೀಲಿಕೈ ಪೀಟರ್‌ಂದು, ಮುರದ ಚಕ್ರ ಕ್ಯಾಥರೀನ್‌ದು, ಮೈತುಂಬ ಬಾಣ ಇದ್ರ ಸೆಬಾಸ್ಟಿಯನ್, ಮುದುಕನ ಕಾಲ ಹತ್ರ ಸಿಂಹ ಕುಂತಿದ್ರ ಜೆರೋಮ್, ಅದಕ್ಕ ರೆಕ್ಕಿ ಇದ್ರ ಮಾರ್ಕ್. ದೇವದೂತ ಬಿಳಿ ಲಿಲಿ ಹಿಡಕೊಂಡು ಯೇಸುವಿನ ತಾಯಿ ಮರಿಯಾಳ ಮುಂದ ಬಂದಾನಂದ್ರ ಮಗ ಹುಟ್ಟೂ ಸುದ್ದಿ. ಮರಿಯಾಳ ನೀಲಿ ಸೆರಗಿನಾಗ ರೊಕ್ಕದ ಮಾತೂ ಐತಿ, ಒಳ್ಳೆ ನೀಲಿ ಬಣ್ಣ ಅಫ್ಘಾನಿಸ್ತಾನದ ಕಲ್ಲ ಅರದು ಮಾಡ್ತಿದ್ರು, ಭಾಳ ತುಟ್ಟಿ. ಆದ್ರ ಮಸಾಚೋನ ಈ ಪೀಟರ್ ಕೈಯಾಗ ಕೀಲಿಕೈನ ಇಲ್ಲ ನೋಡ್ರಿ, ಪಟ್ಟಿ ನಂಬಿ ಕುಂತ್ರ ಸಿಗೂದಿಲ್ಲ, ಅದಕ್ಕ ನಾ ಮೊದಲ ಕೈ ನೋಡ್ರಿ, ಅರಿವಿ ನೋಡ್ರಿ ಅನ್ನೂದು.

ಫ್ಲಾರೆನ್ಸ್‌ದಾಗ 1427ರಾಗ ಹೊಸಾ ಆಸ್ತಿ ತೆರಿಗಿ ಬಂತು, ಚಿತ್ರ ಅದಕ್ಕ ಸಂಬಂಧಪಟ್ಟದ್ದು ಅಂತ ಕೆಲವು ಪಂಡಿತರು ಹೇಳ್ತಾರ. ಇರಬಹುದು, ಆದ್ರ ಇಂಥಾ ಮಾತು ಮೂರೂ ಪೀಟರ್ ಸಿಕ್ಕ ಮ್ಯಾಲ ಓದ್ರಿ.